ಕೊಕ್ಕರೆಯೂ ಅಲ್ಲ, ಆಮೆಯೂ ಅಲ್ಲ

ಮಿಸಾವೊ ಹೊಟ್ಟೆಪಾಡಿಗೆ ಚೌಕ ತುಂಬುತ್ತಿದ್ದಳು. ಕ್ಯೋಟೊದ ನಿಶಿಜಿನ್ ನೇಕಾರರ ಕೇರಿಯಲ್ಲಿ ತಾನಿಮೊತೊ ಎಂಬವರ ಮಗ್ಗದ ಮನೆ. ಅಲ್ಲಿ ಕಿಟಕಿ ಪಕ್ಕದ ತಗ್ಗು ಮೇಜು ಅವಳ ಜಾಗ. ಚಿತ್ರಗಾರ ಒಂದು ಕೊಕ್ಕರೆ ಬರೆದುಕೊಟ್ಟ ಮಾತ್ರಕ್ಕೆ ಅದು ಹಾರಿ ಬಂದು ಕಿಮೋನೊದ ಸೊಂಟಪಟ್ಟಿಯಾದ ಒಬಿಯ ಮೇಲೆ ಕೂರುವುದಿಲ್ಲವಲ್ಲ. ಅದನ್ನು ಮೊದಲು ಎಳ್ಳಿನಷ್ಟು ಸಣ್ಣ ಚೌಕಗಳ ಹಾಳೆಗೆ ಇಳಿಸಬೇಕು. ಒಂದು ಚೌಕಕ್ಕೆ ಒಂದು ಬಣ್ಣ. ಒಂದು ಚೌಕವೆಂದರೆ ಮಗ್ಗದಲ್ಲಿ ನೂಲಿನ ಒಂದು ಹೆಜ್ಜೆ. ಆ ಹಾಳೆ ನೋಡಿಕೊಂಡು ರಟ್ಟಿಗೆ ತೂತು ಹೊಡೆಯುತ್ತಾರೆ, ರಟ್ಟು ಮಗ್ಗಕ್ಕೆ ಏರುತ್ತದೆ, ಆಮೇಲೆ ಒಬಿ ಇಳಿಯುತ್ತದೆ. ಒಂದು ಕೊಕ್ಕರೆಗೆ ಮೂವತ್ತು ಸಾವಿರ ಚೌಕ. ಅದರ ಕಣ್ಣೊಂದಕ್ಕೇ ಹನ್ನೊಂದು. ಹತ್ತು ವರ್ಷಗಳಲ್ಲಿ ಅವಳು ತುಂಬಿದ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದು ಹಾರಿದ್ದರೆ ಊರಿಗೆ ಬಿಸಿಲು ಬೀಳುತ್ತಿರಲಿಲ್ಲ.

ಅವಳಿಗೆ ಮೂವತ್ತಾರು ವಯಸ್ಸು. ಮದುವೆಯಾದ ಎಂಟೇ ತಿಂಗಳಿಗೆ ಗಂಡನ ಮನೆಯಿಂದ ತಾನಾಗಿಯೇ ಎದ್ದು ಬಂದವಳು. ಯಾಕೆ ಎಂದು ಯಾರಾದರೂ ಕೇಳಿದರೆ "ಅವರ ಮನೆ ಮಿಸೊ ಸಾರು ಬಹಳ ಸಪ್ಪೆ" ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಈಗ ಉದೊನ್ ಎಂಬ ದಪ್ಪ ಶಾವಿಗೆಯ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಕೆಳಗೆ ಹಿಟ್ಟು ನಾದುವ ಸದ್ದು, ಮೇಲೆ ಇವಳೊಬ್ಬಳು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಮಳೆಗೆ ಸಿಕ್ಕಿ ಒಕಾಜಾಕಿಯ ಪ್ರದರ್ಶನ ಭವನದೊಳಗೆ ನುಗ್ಗಿದ್ದಳು. ಅಲ್ಲಿ ಯಾರೋ ಎಳೆಯ ಚಿತ್ರಗಾರರ ಗುಂಪು ಚಿತ್ರ ತೂಗುಹಾಕಿತ್ತು. ಹೂವಿಲ್ಲ, ಹಕ್ಕಿಯಿಲ್ಲ, ಬೆಟ್ಟವಿಲ್ಲ. ಬರೀ ಬಣ್ಣ, ಅದೂ ತನಗೆ ತೋಚಿದ ಕಡೆ ಹೋಗಿರುವ ಬಣ್ಣ. ಮಳೆ ನಿಂತರೂ ಮಿಸಾವೊ ಹೊರಗೆ ಬರಲಿಲ್ಲ. ಆವತ್ತಿನಿಂದ ಶನಿವಾರ ಸಂಜೆ ಮಗ್ಗದ ಮನೆಯ ಬಟ್ಟಲುಗಳಲ್ಲಿ ಉಳಿದ ಬಣ್ಣ ತೊಳೆದು ಚೆಲ್ಲುವ ಬದಲು ಮುಚ್ಚಳದ ಲೋಟಗಳಲ್ಲಿ ಮನೆಗೆ ಒಯ್ಯತೊಡಗಿದಳು. ನೀರಲ್ಲಿ ಕಲಸುವ, ಒಣಗಿದರೆ ಸುಣ್ಣದ ಗೋಡೆಯ ಹಾಗೆ ಮಂಕಾಗುವ ದಪ್ಪ ಬಣ್ಣ. ಕಲಿತವರು ಅದನ್ನು ಗ್ವಾಶ್ ಎನ್ನುತ್ತಿದ್ದರು, ಮಗ್ಗದ ಮನೆಯಲ್ಲಿ ಬರೀ ಬಣ್ಣ. ವಾರದ ಆರು ದಿನ ಚೌಕದೊಳಗೆ ಕೂತಿದ್ದ ಕೈ ಭಾನುವಾರ ಬಿಳಿ ಹಾಳೆಯ ಮೇಲೆ ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡುತ್ತಿತ್ತು.

ಯುದ್ಧ ಮುಗಿದು ಹನ್ನೆರಡನೇ ವರ್ಷದ ಬೇಸಿಗೆ ಅದು. ಆ ಗುಂಪಿನವರು ಈ ಸಲ ಯಾರು ಬೇಕಾದರೂ ಚಿತ್ರ ಕಳಿಸಬಹುದೆಂದು ಸಾರಿದ್ದರು. ಮಿಸಾವೊ ತನ್ನದೊಂದನ್ನು ಆರಿಸಿದಳು. ಅಗಲ ಒಂದೂವರೆ ಗೇಣು, ಎತ್ತರ ಒಂದು ತೋಳಿನಷ್ಟು. ಎಡಗಡೆ ಕೆಳಗಿನಿಂದ ಒಂದು ದೊಡ್ಡ ಕಪ್ಪು ಮೇಲೆ ಹೊರಟು, ನಡುವೆ ನಿಧಾನವಾಗಿ, ಆಮೇಲೆ ಕುಂಚ ಒಣಗುತ್ತ ಒಣಗುತ್ತ ಚದುರಿಹೋಗಿತ್ತು. ಕೆಳಗೆ ಕಾವಿ, ಮೂಲೆಯಲ್ಲಿ ಒಂದಿಷ್ಟು ಕೆಂಪು, ಮಿಕ್ಕದ್ದು ಖಾಲಿ ಹಾಳೆ. ಹೆಸರಿನ ಚೀಟಿಯಲ್ಲಿ ಆ ಗುಂಪಿನವರೆಲ್ಲ ಬರೆಯುವಂತೆ 'ಕೃತಿ' ಎಂದಷ್ಟೇ ಬರೆದಳು. ಚೌಕಟ್ಟಿಗೆ ಹಳೆ ಮಗ್ಗದ ಪಟ್ಟಿ ನಾಲ್ಕು ಸಿಕ್ಕೀತೇ ಎಂದು ನೇಕಾರ ಇವಾಜೊ ತಾತನನ್ನು ಕೇಳಲು ಸೋಮವಾರ ಅದನ್ನು ಕೆಲಸಕ್ಕೆ ತಂದು, ಸುದ್ದಿಪತ್ರಿಕೆಯಲ್ಲಿ ಸುತ್ತಿ ಗೋಡೆಗೆ ಒರಗಿಸಿ, ಮಧ್ಯಾಹ್ನ ಊಟಕ್ಕೆ ಹೋದಳು.

ಬರುವಷ್ಟರಲ್ಲಿ ಸುದ್ದಿಪತ್ರಿಕೆ ನೆಲದ ಮೇಲಿತ್ತು. ಚಿತ್ರ ಯಜಮಾನರ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಅದರ ಮುಂದೆ ನೊಬು-ಸಾನ್ ಮಂಡಿಯೂರಿ ಕೂತಿದ್ದರು.

ನೊಬು-ಸಾನ್ ಎಂದರೆ ನಾನ್ಜೆನ್‌ಜಿ ದೇಗುಲದ ಹತ್ತಿರದ ತೋಫು ಊಟದ ಮನೆಯ ಒಡತಿ. ಅರವತ್ತಾರು ವಯಸ್ಸು, ಗೆರೆ ಕೊರೆದಂತೆ ನೇರ ಬೆನ್ನು, ಚೂರಿಯಂಥ ನಾಲಿಗೆ. ಯಾರ ಮನೆಗೆ ಹೋದರೂ ಕಪಾಟು ತೆರೆದು ನೋಡುವ ಚಾಳಿ. ಗಿರಾಕಿ ದೊಡ್ಡವರಾದ್ದರಿಂದ ತಾನಿಮೊತೊ ಸುಮ್ಮನಿರುತ್ತಿದ್ದರು.

"ಇದೇ. ಇದನ್ನೇ ನೇಯ್ದು ಕೊಡಿ" ಎಂದರು ನೊಬು-ಸಾನ್.

"ಅಮ್ಮಾವ್ರೇ, ಇದೇನೂಂತ ನನಗೇ ಗೊತ್ತಾಗ್ತಿಲ್ಲ. ಇದ್ದಿಲು ಬುಟ್ಟಿ ಮಗುಚಿದ ಹಾಗಿದೆ."

"ಅದಕ್ಕೇ ಬೇಕು ಅಂದಿದ್ದು. ನಮ್ಮಕ್ಕ ತಾಕಿ ನಿಮಗೆ ಗೊತ್ತಲ್ಲ? ಐವತ್ತು ವರ್ಷದಿಂದ ನಾನು ಯಾವ ಒಬಿ ಕಟ್ಟಿದ್ರೂ ಬಾಗಿಲಲ್ಲೇ ನಿಂತು ಹೆಸರು ಹೇಳ್ತಾಳೆ. 'ಓ, ಸೇವಂತಿಗೆ. ಹೋದ ಸಲಾನೂ ಸೇವಂತಿಗೇನೇ ಅಲ್ವಾ?' 'ಓ, ಆಮೆ. ಸರಿ ಬಿಡು, ನಿನ್ನ ನಡಿಗೆಗೆ ತಕ್ಕ ಹಾಗಿದೆ.' ಈ ನವೆಂಬರಲ್ಲಿ ಅವಳ ಎಪ್ಪತ್ತರ ಹಬ್ಬ ನಮ್ಮನೇಲೇ ಮಾಡ್ತಿದೀನಿ. ಅವತ್ತು ನನ್ನ ಸೊಂಟದ ಮೇಲೆ ಏನಿದೆ ಅಂತ ಅವಳ ಬಾಯಿಂದ ಹೊರಡಬಾರದು. ಆಯ್ತಾ?"

ತಾನಿಮೊತೊ ತಲೆ ಕೆರೆದುಕೊಂಡರು. "ಇದು ಮಾರುವೊನ ಕೆಲಸವೇ ಇರಬೇಕು. ಈಚೆಗೆ ಟೊಕಿಯೊಗೆ ಹೋಗಿ ಬಂದಾಗಿನಿಂದ ಅವನ ತಲೆ ಒಂಥರಾ ಆಗಿದೆ. ಮಿಸಾವೊ-ಸಾನ್, ಇದನ್ನ ಮಾರುವೊ ಯಾವಾಗ ತಂದಿಟ್ಟ?"

ಮಿಸಾವೊ ಬಾಯಿ ತೆರೆದಳು. ನನ್ನದು ಎನ್ನುವ ಮಾತು ಗಂಟಲವರೆಗೂ ಬಂತು. ಆದರೆ ಆ ಬಣ್ಣ ಈ ಮನೆಯ ಬಟ್ಟಲಿನದು, ಕೇಳದೆ ಒಯ್ದದ್ದು. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದಿತ್ತು: ಅವಳ ಚಿತ್ರವನ್ನು 'ಬೇಕು' ಎಂದವರು ಇಷ್ಟು ದಿನದಲ್ಲಿ ಇವರೊಬ್ಬರೇ. ಚೌಕ ತುಂಬುವವಳು ಬರೆದದ್ದೆಂದು ತಿಳಿದರೆ ಬೇಡ ಎಂದುಬಿಟ್ಟರೆ?

"ನಾನು ನೋಡ್ಲಿಲ್ಲ" ಎಂದು ಹೇಳಿ, ತನ್ನ ಮೇಜಿಗೆ ಹೋಗಿ ಕೂತು, ಅರ್ಧ ಮುಗಿದ ಪೈನ್ ಮರದಲ್ಲಿ ಹದಿನೇಳು ಚೌಕ ತಪ್ಪಾಗಿ ತುಂಬಿದಳು.

ಮಾರನೆಯ ದಿನ ಮಾರುವೊಗೆ ಕರೆ ಹೋಯಿತು. ಅವನು ಮಗ್ಗದ ಮನೆಗಳಿಗೆ ನಮೂನೆ ಬರೆದುಕೊಡುವ ಚಿತ್ರಗಾರ. ನಲವತ್ತು ದಾಟಿದ್ದರೂ ಪ್ಯಾರಿಸ್ ಟೋಪಿ ಹಾಕಿ, ಕತ್ತಿಗೆ ಕರವಸ್ತ್ರ ಕಟ್ಟಿಕೊಂಡು ಓಡಾಡುತ್ತಿದ್ದ. ನೊಬು-ಸಾನ್ ಕೂಡ ಬಂದಿದ್ದರು. ಚಿತ್ರ ಕಂಡೊಡನೆ ಮಾರುವೊ ಒಂದು ಗಳಿಗೆ ತಡೆದ. ಅದು ತನ್ನದಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಒಡತಿಯ ಕಣ್ಣಿನ ಹೊಳಪನ್ನೂ ನೋಡಿದ.

"ಹಾಂ, ಇದಾ" ಎಂದು ನಕ್ಕ. "ಒಂದು ಬೆಳಗ್ಗೆ ತಟಕ್ಕನೆ ಬಂತು, ತಡೆಯೋಕಾಗ್ಲಿಲ್ಲ."

ಕಿಟಕಿಯ ಪಕ್ಕ ಮಿಸಾವೊಳ ಕುಂಚ ನಿಂತಿತು.

"ನಾನು ಹೇಳ್ಲಿಲ್ವಾ" ಎಂದರು ಯಜಮಾನರು. "ಏನಪ್ಪಾ ಇದರ ಅರ್ಥ? ಪೆಟ್ಟಿಗೆ ಮೇಲೆ ಹೆಸರು ಬರೀಬೇಕಲ್ಲ, ಹೆಸರಿಲ್ಲದ ಒಬಿ ನಮ್ಮನೆಯಿಂದ ಯಾವತ್ತೂ ಹೊರಗೆ ಹೋಗಿಲ್ಲ."

ಮಾರುವೊ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಬೆರಳು ಆಡಿಸಿದ. "ಇದು ಡ್ರ್ಯಾಗನ್. ಜಲಪಾತ ಹತ್ತುತ್ತಿರೋ ಡ್ರ್ಯಾಗನ್. ಕೆಳಗಿರೋದು ಬಂಡೆ. ಈ ಕೆಂಪು ಅದರ ಕಣ್ಣು. ಬಾಲ ಮೋಡದೊಳಗೆ ಕರಗಿದೆ."

ನೊಬು-ಸಾನ್ ಮುಖ ಇಳಿದುಹೋಯಿತು. ಚಿತ್ರವನ್ನು ಮತ್ತೊಮ್ಮೆ ನೋಡಿದರು. ಹೇಳಿದ ಮೇಲೆ ಹಾಗೇ ಕಾಣತೊಡಗಿತು, ಅದೇ ತೊಂದರೆ. "ಡ್ರ್ಯಾಗನ್ನಾ? ಹಾಗಾದ್ರೆ ನಮ್ಮಕ್ಕ ಹೊಸಿಲು ದಾಟೋ ಮೊದಲೇ 'ಓ, ಡ್ರ್ಯಾಗನ್, ನಿನ್ನ ಫೋಟೊನಾ?' ಅಂತಾಳೆ. ಬೇಡ, ತಾನಿಮೊತೊ-ಸಾನ್. ಬೇರೆ ಏನಾದ್ರೂ ಇದ್ರೆ ಹೇಳಿಕಳಿಸಿ." ಎಂದವರೇ ಏಳಲು ನೆಲಕ್ಕೆ ಕೈಯೂರಿದರು.

"ಡ್ರ್ಯಾಗನ್ ಅಲ್ಲ!"

ಯಾರು ಕೂಗಿದ್ದೆಂದು ಎಲ್ಲರೂ ತಿರುಗಿದರು. ಕೂಗಿದ ಮಿಸಾವೊಳಿಗೇ ಅದು ತನ್ನ ದನಿಯೆಂದು ನಂಬಿಕೆ ಬರಲಿಲ್ಲ. ಹತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ.

"ಅದು ಡ್ರ್ಯಾಗನ್ನೂ ಅಲ್ಲ, ಬಂಡೆಯೂ ಅಲ್ಲ. ಏನೂ ಅಲ್ಲ ಅದು! ಕಪ್ಪು, ಕಾವಿ, ಕೆಂಪು, ಅಷ್ಟೇ."

"ನಿನಗೆ ಹೇಗಮ್ಮ ಗೊತ್ತು?" ಎಂದರು ನೊಬು-ಸಾನ್, ಕೈ ಇನ್ನೂ ನೆಲದ ಮೇಲೆ.

"ನಾನು ಬರೆದಿದ್ದು."

ಪಕ್ಕದ ಶೆಡ್ಡಿನಲ್ಲಿ ಮಗ್ಗ ಮಾತ್ರ ತನ್ನಪಾಡಿಗೆ ಬಡಿಯುತ್ತಿತ್ತು. ಮಾರುವೊ ಟೋಪಿ ಸರಿಮಾಡಿಕೊಂಡ. "ನನ್ನ ಹತ್ರಾನೂ ಇಂಥದ್ದೇ ಒಂದಿದೆ. ಬೆಳಕು ಕಮ್ಮಿ ಇತ್ತು ನೋಡಿ..." ಎನ್ನುತ್ತ ಗಡಿಯಾರ ನೋಡಿದ, ಇನ್ನೊಂದು ಕಡೆ ಕೆಲಸವಿದೆ ಎಂದ. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ ರಭಸದಲ್ಲಿ ಒಂದು ಕಾಲಿಗೆ ಯಜಮಾನರ ಚಪ್ಪಲಿ ಹಾಕಿಕೊಂಡಿದ್ದನೆಂದು ಸಂಜೆಗೆ ಗೊತ್ತಾಯಿತು.

"ಬಣ್ಣ?" ಎಂದರು ತಾನಿಮೊತೊ.

"ಶನಿವಾರ ಬಟ್ಟಲಲ್ಲಿ ಉಳಿದಿದ್ದು. ತೊಳೆದು ಚೆಲ್ಲೋದನ್ನ..."

"ಚೆಲ್ಲೋದಕ್ಕೆ ಏನು ಬಂತು, ತಗೊಂಡು ಹೋಗು! ಅದನ್ನಲ್ಲ ನಾನು ಕೇಳಿದ್ದು. ಈ ಕಾವಿ ಯಾವ ಬಣ್ಣ, ನಮ್ಮಲ್ಲಿ ಇಂಥ ನೂಲೇ ಇಲ್ಲ. ಹತ್ತು ವರ್ಷ ಎದುರಿಗೇ ಕೂತಿದ್ದು ಒಂದು ಮಾತು ಹೇಳ್ಲಿಲ್ಲ ನೀನು. ಒಳ್ಳೆ ಹೆಂಗಸು!" ಅವರಿಗೆ ಸಿಟ್ಟು ಬಂದಿತ್ತೋ ನಗು ಬಂದಿತ್ತೋ ಅವರಿಗೇ ತಿಳಿಯದು.

ನೊಬು-ಸಾನ್ ಮತ್ತೆ ಕೂತರು. "ನಿಜ ಹೇಳು. ಒಳಗೊಳಗೇ ಎಲ್ಲಾದ್ರೂ ಮೀನು ಗೀನು ಅಡಗಿಸಿಟ್ಟಿದೀಯಾ?"

"ಇಲ್ಲಮ್ಮ. ಆಣೆ."

"ಹಾಗಾದ್ರೆ ನೇಯಿರಿ."

ಅಷ್ಟರಲ್ಲಿ ಮಿಸಾವೊಳಿಗೆ ಇನ್ನೊಂದು ನೆನಪಾಯಿತು. ಬರುವ ಭಾನುವಾರ ಚಿತ್ರ ಪ್ರದರ್ಶನಕ್ಕೆ ಹೋಗಬೇಕು, ಮೂರು ವಾರ ಅಲ್ಲೇ ತೂಗಬೇಕು. ಚಿತ್ರ ಎದುರಿಗಿಲ್ಲದೆ ಚೌಕ ಹೇಗೆ ತುಂಬುವುದು? ನವೆಂಬರಿಗೆ ಒಬಿ ಇಳಿಯಬೇಕಾದರೆ ಒಂದು ವಾರ ಕಾಯುವ ಹಾಗೂ ಇಲ್ಲ. ಪ್ರದರ್ಶನ ಬಿಡು ಎಂದರು ಯಜಮಾನರು. ಬಿಡಲಾರೆ ಎಂದಳು ಮಿಸಾವೊ. ಒಮ್ಮೆ ಬಾಯಿ ಬಂದ ಮೇಲೆ ಮತ್ತೆ ಮುಚ್ಚುವುದು ಕಷ್ಟವಾಗಿತ್ತು. ಕೊನೆಗೆ ದಾರಿ ತೋರಿಸಿದವರು ನೊಬು-ಸಾನ್. "ಚಿತ್ರ ಇಲ್ಲಿಗೆ ಬರೋಕಾಗದಿದ್ರೆ ಹುಡುಗಿ ಅಲ್ಲಿಗೆ ಹೋಗ್ಲಿ. ಟ್ರಾಮು ಇಲ್ವಾ?"

ಹಾಗಾಗಿ ಮೂರು ವಾರ ಪ್ರತಿ ಮಧ್ಯಾಹ್ನ ಮಿಸಾವೊ ಮಡಿಚಿದ ಚೌಕದ ಹಾಳೆ, ಮೂರು ಕುಂಚ, ಮುಚ್ಚಳದ ಬಣ್ಣದ ಲೋಟಗಳ ಬುಟ್ಟಿ ಹಿಡಿದು ಟ್ರಾಮು ಹತ್ತಿ ಒಕಾಜಾಕಿಗೆ ಹೋದಳು. ತನ್ನ ಚಿತ್ರದ ಎದುರಿನ ಬೆಂಚಿನ ಮೇಲೆ ಹಲಗೆ ತೊಡೆಗಿಟ್ಟುಕೊಂಡು, ಕತ್ತೆತ್ತಿ ನೋಡುವುದು, ಕತ್ತು ಬಗ್ಗಿಸಿ ತುಂಬುವುದು. ಭವನದ ಕಾವಲಿನವನು ಮೊದಲ ದಿನ ಗದರಿದ, ಎರಡನೆಯ ದಿನ ಅನುಮಾನಿಸಿದ, ಮೂರನೆಯ ದಿನದಿಂದ ಬಾರ್ಲಿ ಚಹಾ ತಂದುಕೊಡತೊಡಗಿದ. "ಬೇರೆ ಚೆನ್ನಾಗಿರೋದು ಎಷ್ಟೊಂದಿದೆ, ಅದನ್ನ ಬಿಟ್ಟು ಇದನ್ಯಾಕೆ ನಕಲು ಮಾಡ್ತೀರಿ?" ಎಂದು ನಿಜವಾದ ಕಾಳಜಿಯಿಂದ ಕೇಳಿದ.

ಬಂದವರ ಮಾತು ಬೆನ್ನ ಹಿಂದೆ ಹರಿಯುತ್ತಿತ್ತು. ಒಬ್ಬ ಮುದುಕ ಹೆಂಡತಿಗೆ ಹೇಳಿದ: "ನೋಡು, ನಮ್ಮನೆ ಛಾವಣಿ ಸೋರಿದಾಗ ಹೀಗೇ ಆಗಿತ್ತು. ಆಗ ನಾನು ದುಡ್ಡು ಕೊಟ್ಟು ಸುಣ್ಣ ಹೊಡೆಸಿದೆ." ಒಬ್ಬಳು ಕಲಾಶಾಲೆಯ ಹುಡುಗಿ, ಎತ್ತಿ ಕಟ್ಟಿದ ಜಡೆಯವಳು, ಮಿಸಾವೊಳ ಪಕ್ಕದಲ್ಲೇ ಕೂತು ಅರ್ಧ ಗಂಟೆ ಪಾಠ ಹೇಳಿದಳು.

"ಅಕ್ಕಾ, ನೀವು ಹೀಗೆ ಚೌಕ ಚೌಕ ಮಾಡಿದ್ರೆ ಇದು ಅರ್ಥ ಆಗಲ್ಲ. ಇದನ್ನ ಬರೆದವನಿಗೆ ವಿಪರೀತ ಸಿಟ್ಟು. ಯುದ್ಧದ ಸಿಟ್ಟು. ಇಡೀ ಜಗತ್ತನ್ನ ಒಂದೇ ಏಟಿಗೆ ಅಳಿಸಿಬಿಡ್ತೀನಿ ಅಂತ ಹೊರಟಿದಾನೆ."

"ಗಂಡಸಾ?"

"ಮತ್ತೆ? ತೋಳಿನ ಬಲ ನೋಡಿ!"

ಮಿಸಾವೊ ತನ್ನ ತೋಳು ನೋಡಿಕೊಂಡಳು. ಆ ಚಿತ್ರ ಬರೆದ ಭಾನುವಾರ ತನಗೆ ಸಿಟ್ಟಿತ್ತೇ ಎಂದು ಯೋಚಿಸಿದಳು. ನೆನಪಾದದ್ದು ಕೆಳಗಿನ ಅಂಗಡಿಯವರು ಕೊಟ್ಟ ಕರಿದ ತೋಫು ಬಹಳ ಚೆನ್ನಾಗಿತ್ತು ಎನ್ನುವುದೊಂದೇ. "ಇರಬಹುದು" ಎಂದು ಹೇಳಿ, ಇನ್ನೊಂದು ಚೌಕ ಕಪ್ಪು ಮಾಡಿದಳು.

ಕಾವಿ ಸುಲಭವಾಗಿ ಇಳಿಯಿತು, ಕೆಂಪು ಒಂದೇ ದಿನದಲ್ಲಿ ಮುಗಿಯಿತು. ಕಪ್ಪು ಮಾತ್ರ ಕಾಡಿತು. ಅದು ಓಡುವಾಗ ಓಡಿದಂತೆ, ತಡೆಯುವಾಗ ತಡೆದಂತೆ ಕಾಣುತ್ತಿದ್ದುದು ಬಣ್ಣದ ದಪ್ಪ ತೆಳುವಿನಿಂದ. ಚೌಕದಲ್ಲಿ ಕಪ್ಪೆಂದರೆ ಕಪ್ಪು, ಇಲ್ಲವೆಂದರೆ ಇಲ್ಲ. ಎರಡು ವಾರ ತುಂಬಿದ್ದನ್ನು ಹರಡಿ ನೋಡಿದರೆ ತನ್ನದೇ ಚಿತ್ರ ಇಸ್ತ್ರಿ ಹೊಡೆದಂತೆ ಸತ್ತು ಮಲಗಿತ್ತು. ಹಾಳೆ ಸುತ್ತಿಕೊಂಡು ಇವಾಜೊ ತಾತನ ಶೆಡ್ಡಿಗೆ ಹೋದಳು.

ಇವಾಜೊಗೆ ಎಪ್ಪತ್ತೊಂದು. ಅರವತ್ತು ವರ್ಷ ಮಗ್ಗದ ಬಡಿತ ಕೇಳಿ ಕಿವಿ ಅರ್ಧ ಹೋಗಿತ್ತು, ಹಾಗಾಗಿ ಗುಟ್ಟನ್ನೂ ಕೇರಿಗೆಲ್ಲ ಕೇಳುವಂತೆ ಹೇಳುತ್ತಿದ್ದ.

"ಏನು ಮಿಸಾ-ಚಾನ್, ಮುಖ ಸೊಟ್ಟ ಮಾಡ್ಕೊಂಡು ಬಂದೆ? ಯಾರಾದ್ರೂ ಮದುವೆಗೆ ಕೇಳಿದ್ರಾ?"

"ತಾತ, ಇದು ನೇಯೋಕೆ ಬರಲ್ಲ. ಒಪ್ಪಿಕೊಂಡು ತಪ್ಪು ಮಾಡಿದೆ."

ಆತ ಹಾಳೆಯನ್ನು ಮಗ್ಗದ ಮೇಲೆ ಹಾಸಿ ಬೆರಳಿನಲ್ಲಿ ಸವರುತ್ತ ಹೋದ. "ಇದು ಏನು ಅಂತ ನನಗೆ ಬೇಡ. ನಿನ್ನ ಕೈ ಎಲ್ಲಿ ಓಡ್ತು, ಎಲ್ಲಿ ನಿಂತ್ಕೊಳ್ತು, ಅಷ್ಟು ಹೇಳು."

ಮಿಸಾವೊ ತೋರಿಸಿದಳು. ಇಲ್ಲಿಂದ ಇಲ್ಲಿಗೆ ಓಟ. ಇಲ್ಲಿ ತಡೆಯಿತು.

"ಯಾಕೆ ತಡೀತು?"

ಅವಳು ತಾತನ ಕಿವಿಗೆ ಕೈ ಒಡ್ಡಿ ಹೇಳಿದಳು, "ಹೆದರಿಕೆ ಆಯ್ತು. ಇನ್ನು ಸ್ವಲ್ಪ ಹೋದ್ರೆ ಹಾಳೆ ಮುಗಿದುಹೋಗುತ್ತೆ ಅಂತ."

"ಹೆದರಿಕೆ ಆಯ್ತಾ!" ಎಂದು ಇವಾಜೊ ಕೇರಿಗೆಲ್ಲ ಕೇಳಿಸಿದ. ಎದ್ದು ಹೋಗಿ ನೂಲಿನ ಪೆಟ್ಟಿಗೆ ಎಳೆದು ಎರಡು ಉಂಡೆ ಅವಳ ಮಡಿಲಿಗೆ ಹಾಕಿದ. ಎರಡೂ ಕಪ್ಪೇ. ಒಂದು ಗಟ್ಟಿ ಹುರಿಯ ರೇಷ್ಮೆ, ನೀರು ಹಚ್ಚಿದಂತೆ ಮಿಂಚುವುದು. ಇನ್ನೊಂದು ಹುರಿಯಿಲ್ಲದ್ದು, ಮಸಿಯಂತೆ ಬೆಳಕನ್ನೆಲ್ಲ ನುಂಗಿ ಕೂರುವುದು. "ಓಡೋ ಕಡೆ ಇದು. ನಿಂತ ಕಡೆ ಇದು. ಸಂದು ಬರೋ ಕಡೆ ಒಂದು ಬಿಟ್ಟು ಒಂದು. ಕಪ್ಪು ಒಂದೇ ಅಂತ ನಿನಗೆ ಯಾರು ಹೇಳಿದ್ರು?"

ಮಿಸಾವೊ ಎರಡು ಉಂಡೆಗಳನ್ನೂ ಕಿಟಕಿ ಬೆಳಕಿಗೆ ಹಿಡಿದಳು. ಹಳೆಯ ಹಾಳೆ ಹರಿದುಹಾಕಿ ಹೊಸದು ಶುರು ಮಾಡಿದಳು. ಈ ಸಲ ಚೌಕಗಳ ಸಂಖ್ಯೆ ಎಂಬತ್ತು ಸಾವಿರ ದಾಟಿತು. ಪ್ರದರ್ಶನ ಮುಗಿಯಿತು, ಬಹುಮಾನ ಬರಲಿಲ್ಲ, ಪತ್ರಿಕೆಗಳಲ್ಲಿ ಅವಳ ಹೆಸರೂ ಬರಲಿಲ್ಲ. ಚಿತ್ರ ಬಗಲಿಗಿಟ್ಟುಕೊಂಡು ಹೊರಟಾಗ ಕಾವಲಿನವನು ಮಾತ್ರ ಬಾಗಿಲವರೆಗೆ ಬಂದು, "ಅದು ನಿಮ್ಮದೇ ಅಂತ ಮೊದಲೇ ಹೇಳಬಾರದಿತ್ತಾ? ನಾನು ಏನೇನೋ ಅಂದುಬಿಟ್ಟೆ" ಎಂದು ಮೂರು ಸಲ ಬಾಗಿ ವಂದಿಸಿದ. ಬೇಸಿಗೆಯ ಉರಿಯೆಲ್ಲ ರಟ್ಟಿನ ತೂತಿನಲ್ಲಿ ಕಳೆಯಿತು. ಸೆಪ್ಟೆಂಬರಿನಲ್ಲಿ ಇವಾಜೊ ಮಗ್ಗಕ್ಕೆ ಕೂತ. ತಾನಿಮೊತೊ ದಿನಕ್ಕೆ ನಾಲ್ಕು ಸಲ ಬಂದು ಇಣುಕಿ, "ಇನ್ನೂ ಏನೂ ಕಾಣ್ತಿಲ್ಲವಲ್ಲ" ಎನ್ನುತ್ತಿದ್ದರು. "ಕಾಣಬಾರದು ಅಂತಲೇ ನೇಯ್ತಿರೋದು ಯಜಮಾನ್ರೇ!" ಎಂದು ತಾತ ಕೂಗುತ್ತಿದ್ದ.

ಪೆಟ್ಟಿಗೆಯ ಮೇಲೆ ಹೆಸರಿನ ಜಾಗ ಖಾಲಿ ಬಿಡಲು ಯಜಮಾನರಿಗೆ ಕೊನೆಗೂ ಮನಸ್ಸು ಬರಲಿಲ್ಲ. ತಮ್ಮ ಚಂದದ ಅಕ್ಷರದಲ್ಲಿ 'ಒಬಿ' ಎಂದು ಬರೆದರು.

ನವೆಂಬರಿನ ಹಬ್ಬದ ದಿನ ಮಿಸಾವೊಳಿಗೂ ಕರೆ ಬಂತು. ಕಟ್ಟುವಾಗ ಕೈಯಾಸರೆಗೆ ಬಾ ಎಂದು ನೊಬು-ಸಾನ್ ನೆಪ ಹೇಳಿದ್ದರು. ಒಬಿಯ ಕಪ್ಪು ನಿಧಾನವಾಗುವ ಭಾಗವನ್ನು ಬೆನ್ನಿನ ಮೇಲಿನ ಚೌಕ ಗಂಟಿನಲ್ಲಿ ಕಾಣುವಂತೆ ಮಿಸಾವೊ ಮೊದಲೇ ಲೆಕ್ಕ ಹಾಕಿದ್ದಳು. ಮುಂದೆ ಹೊಟ್ಟೆಯ ಮೇಲೆ ಕಾವಿ, ಎಡಗಡೆ ಒಂದು ಚೂರು ಕೆಂಪು. ನೊಬು-ಸಾನ್ ಕನ್ನಡಿಗೆ ಬೆನ್ನು ಮಾಡಿ ಕತ್ತು ತಿರುಗಿಸಿ ನೋಡಿಕೊಂಡರು. ಹದಿನೆಂಟರ ಹುಡುಗಿಯಂತೆ ಒಮ್ಮೆ ಗಿರಕಿ ಹೊಡೆದರು.

ನೆಂಟರು ಇಪ್ಪತ್ತು ಮಂದಿ ಬಂದು ಸಾಲಾಗಿ ಕೂತರು. ತಾಕಿ-ಸಾನ್ ಬಂದದ್ದು ಕೊನೆಗೆ. ಉಜಿಯ ಚಹಾ ವ್ಯಾಪಾರಿಯ ವಿಧವೆ, ಕುಳ್ಳಗೆ, ಗುಂಡಗೆ, ಕೋಲಿದ್ದರೂ ಅದನ್ನು ಊರುವುದಕ್ಕಿಂತ ತೋರಿಸುವುದಕ್ಕೇ ಹೆಚ್ಚು ಬಳಸುವವರು. ಬಾಗಿಲಲ್ಲೇ ನಿಂತು ಕೋಲು ಎತ್ತಿದರು.

"ಓ..." ಎಂದರು. ಕೋಲು ಗಾಳಿಯಲ್ಲೇ ನಿಂತಿತು.

ಇಡೀ ಕೋಣೆ ಕಾದಿತ್ತು. ತಾಕಿ-ಸಾನ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ನೊಬು, ತಿರುಗು." ನೊಬು ತಿರುಗಿದರು. "ಇನ್ನೊಂದು ಸಲ."

"ಹೊಳೆ?"

"ಅಲ್ಲ ಅಕ್ಕಾ."

"ಸುಟ್ಟ ಮರ."

"ಅಲ್ಲ. ಬಿಸಿ ಆರುತ್ತೆ, ಊಟಕ್ಕೆ ಕೂತ್ಕೋ."

ಊಟ ಶುರುವಾಯಿತು. ಕುದಿಯುವ ತೋಫು, ಉಪ್ಪಿನಕಾಯಿ, ಎಪ್ಪತ್ತರ ಹಬ್ಬದ ಕೆಂಪು ಅನ್ನ. ಮೊಮ್ಮಕ್ಕಳು ಹಾಡು ಹೇಳಿದರು, ಯಾರೋ ಭಾಷಣ ಮಾಡಿದರು. ತಾಕಿ-ಸಾನ್ ಯಾವುದನ್ನೂ ಕೇಳಲಿಲ್ಲ. ತಂಗಿ ಬಡಿಸಲು ಆ ಕಡೆ ಹೋದರೆ ಕತ್ತು ಆ ಕಡೆ, ಈ ಕಡೆ ಬಂದರೆ ಈ ಕಡೆ. ಭಾಷಣದ ನಡುವೆ "ಕಾಗೆ ಹಿಂಡು!" ಎಂದು ಕೂಗಿದರು, ಭಾಷಣಕಾರ ಬೆಚ್ಚಿ ಸಾಲು ಮರೆತ. ನೊಬು-ಸಾನ್ ತಲೆ ಅಲ್ಲಾಡಿಸಿದರು. ಅವರ ಮುಖದಲ್ಲಿದ್ದ ಸುಖವನ್ನು ನೋಡಿ, ಮೂಲೆಯಲ್ಲಿ ಕೂತಿದ್ದ ಮಿಸಾವೊ ತುತ್ತು ನುಂಗಲು ಮರೆತು ನಗು ತಡೆದುಕೊಂಡಳು.

ಹಣ್ಣು ಬಂದ ಹೊತ್ತಿಗೆ ತಾಕಿ-ಸಾನ್ ತಮ್ಮ ಗೌರವದ ಜಾಗ ಬಿಟ್ಟು ತೆವಳಿಕೊಂಡು ಬಂದು ತಂಗಿಯ ಬೆನ್ನ ಹಿಂದೆ ಕೂತರು.

"ಏನು ಮಾಡ್ತಿದೀಯಾ ಅಕ್ಕಾ, ಜನ ನೋಡ್ತಾರೆ."

"ನೋಡ್ಲಿ. ಅಲ್ಲಾಡಬೇಡ ನೀನು." ಬೆರಳನ್ನು ಬಟ್ಟೆಗೆ ತಾಕಿಸಿ ಕಪ್ಪಿನ ಮೇಲೆ ನಿಧಾನವಾಗಿ ಮೇಲಕ್ಕೆ ಹೋದರು. ಮಿಂಚುವ ಕಪ್ಪು ಮುಗಿದು ಮಂಕು ಕಪ್ಪು ಶುರುವಾಗುವಲ್ಲಿ ಬೆರಳು ನಿಂತಿತು. ಅಲ್ಲೇ ಬಹಳ ಹೊತ್ತು ಇತ್ತು. ಅವರ ದನಿ ಇಳಿಯಿತು. "ಇಲ್ಲಿ ಯಾರೋ ಹೆದರಿಕೊಂಡಿದಾರೆ."

ಮಿಸಾವೊಳ ಕೈಯಲ್ಲಿದ್ದ ಪರ್ಸಿಮನ್ ಹಣ್ಣಿನ ಹೋಳು ತಟ್ಟೆಗೆ ಬಿತ್ತು.

"ಆಮೇಲೆ ಹೋಗಿದಾರೆ. ಹೆದರಿಕೊಂಡೇ ಮುಂದಕ್ಕೆ ಹೋಗಿದಾರೆ" ಎಂದು ತಾಕಿ-ಸಾನ್ ತಮ್ಮಷ್ಟಕ್ಕೆ ಹೇಳಿಕೊಂಡು, ಬೆರಳನ್ನು ಒಣ ಕಪ್ಪಿನ ಚದುರಿದ ತುದಿಯವರೆಗೆ ಒಯ್ದರು. ನಂತರ ತಲೆಯೆತ್ತಿ, "ಇದನ್ನ ಮಾಡಿದ್ದು ಯಾರು?" ಎಂದರು. ನೊಬು-ಸಾನ್ ಮೂಲೆಯ ಕಡೆ ಗದ್ದ ತೋರಿಸಿದರು. ಇಪ್ಪತ್ತು ತಲೆಗಳು ತಿರುಗಿದವು. ಮಿಸಾವೊ ಚಾಪೆಗೆ ಹಣೆ ತಾಗುವಂತೆ ಬಾಗಿದಳು. ಬಾಗಿದ್ದಾಗ ಯಾಕೋ ಅಳು ಬಂದು, ಏಳಲು ಸ್ವಲ್ಪ ತಡಮಾಡಿದಳು.

ಸೋಮವಾರ ತಾನಿಮೊತೊ ಅವಳನ್ನು ಕೋಣೆಗೆ ಕರೆದು ಚಹಾ ಕೊಟ್ಟರು. ಹಿಂದೆಂದೂ ಕೊಟ್ಟಿರಲಿಲ್ಲ. "ನೋಡು ಮಿಸಾವೊ-ಸಾನ್, ಹಬ್ಬದಲ್ಲಿ ನೋಡಿದವರು ಈಗಾಗ್ಲೇ ಮೂವರು ಹೇಳಿಕಳಿಸಿದಾರೆ. ತಿಂಗಳಿಗೆ ಎರಡರ ಹಾಗೆ ಬರೆದುಕೊಡು. ಚೌಕ ತುಂಬೋಕೆ ಬೇರೆ ಯಾರನ್ನಾದ್ರೂ ನೋಡ್ತೀನಿ. ನಿನ್ನದು ಇನ್ಮೇಲೆ ಬರೀ ಇದೇ ಕೆಲಸ."

ಮಿಸಾವೊ ಚಹಾ ಕುಡಿದಳು, ಲೋಟ ಕೆಳಗಿಟ್ಟಳು. ಎರಡು ದಿನ ಯೋಚಿಸುತ್ತೇನೆ ಎಂದು ಹೇಳಬೇಕೆಂದಿದ್ದಳು. ಬಾಯಿಂದ ಬಂದದ್ದು ಬೇರೆ. "ಬೇಡ ಯಜಮಾನ್ರೇ. ತಿಂಗಳಿಗೆ ಎರಡು ಅಂದ್ರೆ ಅದೂ ಕೊಕ್ಕರೆ ಆಗಿಬಿಡುತ್ತೆ. ಚೌಕ ನಾನೇ ತುಂಬ್ತೀನಿ, ನನ್ನಷ್ಟು ಚೆನ್ನಾಗಿ ಯಾರೂ ತುಂಬಲ್ಲ. ಭಾನುವಾರ ಮಾತ್ರ ನಂದು. ಅಲ್ಲಿ ಏನಾದ್ರೂ ಆದ್ರೆ, ನನಗೆ ಕೊಡಬೇಕು ಅನ್ನಿಸಿದ್ರೆ, ತಂದು ತೋರಿಸ್ತೀನಿ."

"ಅನ್ನಿಸದೇ ಇದ್ರೆ?"

"ಬಣ್ಣ ಒಯ್ಯೋದು ಮಾತ್ರ ನಿಲ್ಲಿಸಲ್ಲ."

ತಾನಿಮೊತೊ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹತ್ತು ವರ್ಷ ಮೂಗಿ ಹಾಗಿದ್ದವಳು. ಹೋಗು, ಹೋಗು, ಪೈನ್ ಮರ ಕಾಯ್ತಿದೆ."

ಅದರ ಮುಂದಿನ ಭಾನುವಾರ ಬೆಳಗ್ಗೆ ಉದೊನ್ ಅಂಗಡಿಯ ಕಡಿದಾದ ಏಣಿಮೆಟ್ಟಿಲ ಮೇಲೆ ಟಕ್ ಟಕ್ ಎಂದು ಕೋಲಿನ ಸದ್ದಾಯಿತು. ಕೆಳಗಿನಿಂದ ಅಂಗಡಿಯವನು ತಳ್ಳಿ, ಮೇಲಿನಿಂದ ಮಿಸಾವೊ ಎಳೆದು, ತಾಕಿ-ಸಾನ್ ಕೋಣೆಯೊಳಕ್ಕೆ ಬಂದರು. ಉಜಿಯ ಚಹಾ ಒಂದು ಡಬ್ಬಿ ಕೈಗಿಟ್ಟು, ದಿಂಬು ಎಳೆದುಕೊಂಡು ಕೂತು, ಉಸಿರು ತಿರುಗಿದ ಮೇಲೆ ಹೇಳಿದರು:

"ಬರಿ. ಹೆಸರಿಲ್ಲದ್ದು ಹೇಗೆ ಹುಟ್ಟುತ್ತೆ ನೋಡ್ಬೇಕು. ನಾನೊಬ್ಬಳು ಇಲ್ಲಿದೀನಿ ಅನ್ಕೋಬೇಡ."

ಅಂದುಕೊಳ್ಳದಿರುವುದು ಹೇಗೆ? ಮಿಸಾವೊ ಹಾಳೆ ಹಾಸಿ ಬಣ್ಣಕ್ಕೆ ನೀರು ಕಲಸಿದಳು. ಶನಿವಾರದ ಲೋಟಗಳಲ್ಲಿ ಈ ಸಲ ಪಾಚಿ ಹಸಿರು ಉಳಿದಿತ್ತು, ಒಂದಿಷ್ಟು ಹಾಲುಬಿಳಿ, ಹಳೇ ತಾಮ್ರದ ಬಣ್ಣ. ಮೊದಲ ಗೆರೆ ಬಿದ್ದೊಡನೆ ಬೆನ್ನ ಹಿಂದಿನಿಂದ "ಬಿದಿರು" ಎಂದು ಕೇಳಿತು. ಮಿಸಾವೊ ಅದರ ಮೇಲೆ ಅಡ್ಡ ಬಳಿದಳು. "ಹೋಯ್ತು ಬಿದಿರು. ಈಗ ಸೇತುವೆ." ಅದೂ ಹೋಯಿತು. "ಬೆಕ್ಕು... ಅಲ್ಲ, ಹೋಯ್ತು. ತೀರಿಕೊಂಡ ನನ್ನ ಗಂಡನ ಹೊಟ್ಟೆ, ಮಲಗಿದಾಗ ಥೇಟ್ ಹೀಗೇ... ಅದೂ ಹೋಯ್ತು." ಮಿಸಾವೊಳಿಗೆ ನಗು ಬಂದು ಕೈ ಅದುರಿತು; ಅದುರಿದ ಕಡೆ ಬಣ್ಣ ಚಿಮ್ಮಿ, ತಾನು ಎಂದೂ ಇಡದ ಜಾಗದಲ್ಲಿ ಬಿಳಿ ಕೂತಿತು. ಬಿಟ್ಟಳು. ಅದರ ಹಿಂದೆಯೇ ಹೋದಳು.

ಎಷ್ಟು ಹೊತ್ತಾಯಿತೋ, ಹಿಂದಿನಿಂದ ಹೆಸರು ಬರುವುದು ನಿಂತಿತ್ತು. ನಿದ್ದೆ ಹೋದರೇನೋ ಎಂದು ತಿರುಗಿದರೆ ತಾಕಿ-ಸಾನ್ ಕಣ್ಣು ಅಗಲಿಸಿ, ಬಾಯಿ ಅರ್ಧ ತೆರೆದು, ಕೋಲನ್ನು ಎದೆಗೆ ಅವುಚಿಕೊಂಡು ಕೂತಿದ್ದರು.

"ನಿಲ್ಲಿಸಿದೆ ಯಾಕೆ?" ಎಂದು ಗದರಿದರು.

"ಮುಗೀತು ಅನ್ಸುತ್ತೆ."

"ಹೇಗೆ ಗೊತ್ತಾಯ್ತು?"

"ಗೊತ್ತಿಲ್ಲ. ಹೊಟ್ಟೆ ಹಸೀತಿದೆ."

"ನನಗೂ." ತಾಕಿ-ಸಾನ್ ಕೋಲಿನಿಂದ ನೆಲವನ್ನು ಮೂರು ಸಲ ಕುಟ್ಟಿದರು. "ಯಾರಪ್ಪಾ ಕೆಳಗೆ! ಎರಡು ಉದೊನ್! ಕರಿದ ತೋಫು ಜಾಸ್ತಿ ಹಾಕಿ!"

ಬಣ್ಣ ಒಣಗುವವರೆಗೆ ಇಬ್ಬರೂ ಕಿಟಕಿಯ ಪಕ್ಕ ಕೂತು ಸೊರ್ ಸೊರ್ ಎಂದು ಉದೊನ್ ತಿಂದರು. ಹಸಿರು ಮಂಕಾಗುತ್ತ, ತಾಮ್ರ ಬೆಳ್ಳಗಾಗುತ್ತ ಹೋಗುವುದನ್ನು ತಾಕಿ-ಸಾನ್ ಬಟ್ಟಲಿನ ಅಂಚಿನ ಮೇಲಿಂದ ನೋಡುತ್ತಿದ್ದರು. ಸಾರು ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡು, ಬರುವ ಭಾನುವಾರ ಟ್ರಾಮು ಎಷ್ಟು ಗಂಟೆಗೆ ಎಂದು ಕೇಳಿದರು.